ಮುಗಿದದ್ದೋ, ನಿಂತದ್ದೋ?

ಕಳೆದ ವರ್ಷ ನನ್ನ ಮಹಾಪ್ರಬಂಧದ ಎರಡನೇ ಅಧ್ಯಾಯದಲ್ಲಿ ಒಂದು ಸುಳ್ಳು ಬರೆದಿದ್ದೆ. ಬೇಕೆಂದು ಬರೆದದ್ದಲ್ಲ. ನಮ್ಮ ಭಾಗದ ತತ್ವಪದಗಳಲ್ಲಿ ನಿಷೇಧದ ಮಾತುಗಳು ಹೇಗೆ ಬರುತ್ತವೆ ಎಂಬುದು ನನ್ನ ವಿಷಯ. ಕಡಕೋಳ ಮಡಿವಾಳಪ್ಪನವರ ಪರಂಪರೆಯ ಪದಗಳನ್ನು ಭಜನೆಯಲ್ಲಿ ಕೇಳುತ್ತ ಬೆಳೆದವನಿಗೆ ‘ಇಲ್ಲ’, ‘ಅಲ್ಲ’, ‘ಒಲ್ಲೆ’, ‘ಬ್ಯಾಡ’ ನಾಲ್ಕೂ ಬೇರೆ ಬೇರೆ ಮಾತುಗಳೆಂದು ಯಾರೂ ಹೇಳಿಕೊಡಬೇಕಿಲ್ಲ. ಒಂದು ಸಂಗ್ರಹದಲ್ಲಿ ಅವನ್ನು ಎಣಿಸಲು ಸಿ ಭಾಷೆಯಲ್ಲಿ ಸಣ್ಣ ಪ್ರೋಗ್ರಾಮ್ ಬರೆದುಕೊಂಡೆ. ಅದು ಎಣಿಸಿತು. ‘ಒಲ್ಲೆ’ ತೀರ ಅಪರೂಪ ಎಂಬ ಉತ್ತರ ಬಂತು. ಆ ಅಪರೂಪಕ್ಕೆ ಒಂದು ಕಾರಣವನ್ನೂ ಹುಡುಕಿ ಎರಡು ಪುಟ ವಿಮರ್ಶೆ ಬರೆದೆ.

ಆ ಸಂಗ್ರಹದ ಒಂದಷ್ಟು ಭಾಗ ಬಹಳ ವರ್ಷಗಳ ಹಿಂದೆ ನಾನಿರುವ ಶಹಾಬಜಾರದಲ್ಲೇ, ಒಂದು ಡಿಟಿಪಿ ಅಂಗಡಿಯಲ್ಲಿ ಟೈಪಾದದ್ದು. ಅಧ್ಯಾಯದ ಪ್ರಿಂಟ್ ತೆಗೆಸಲು ಅಲ್ಲಿಗೇ ಹೋಗಿದ್ದೆ. ಅಂಗಡಿಯ ಕಾಕಾ ನನ್ನ ಪಟ್ಟಿಯ ಮೇಲೆ ಕಣ್ಣಾಡಿಸಿ ನಕ್ಕರು.

“ಇಷ್ಟ ಇಲ್ಲ ತಮ್ಮಾ. ಟೈಪ್ ಮಾಡಿದಾಂವ ನಾನು, ಬೆರಳಿಗೆ ಗೊತ್ತದ. ನಿನ್ನ ಮಷೀನ್ ಓದಿ ಮುಗಿಸ್ಯದೋ, ನಡುವ ನಿಂತದೋ, ಮೊದಲ ಅದು ನೋಡು.”

“ಮುಗಿಸ್ಯದ ಕಾಕಾ. ಎರರ್ ಅಂತ ಏನೂ ಹೇಳಿಲ್ಲ.”

“ಅದು ಹೇಳಿಲ್ಲೋ, ನೀ ಕೇಳಿಲ್ಲೋ?”

ನಾನು ಕೇಳಿರಲಿಲ್ಲ. ಈ ಬರಹ ಆ ಕೇಳುವಿಕೆಯ ಬಗ್ಗೆ: ಸಿ ಲೈಬ್ರರಿಯ ದೋಷಸಂಖ್ಯೆಗಳು ಮತ್ತು ಅವುಗಳ ಜೊತೆ ಬರುವ ಸಂದೇಶಗಳ ಬಗ್ಗೆ. ಲಿನಕ್ಸ್‌ನಲ್ಲಿ ಇಂಥ ನೂರಮೂವತ್ತರಷ್ಟು ಪುಟ್ಟ ವಾಕ್ಯಗಳಿವೆ. ಕಂಪ್ಯೂಟರಿನ ಮುಂದೆ ಕೂತು ಪಠ್ಯದ ಕೆಲಸ ಮಾಡುವವರು ಒಂದಲ್ಲ ಒಂದು ದಿನ ಅವನ್ನು ಓದಲೇಬೇಕು. ಓದಬೇಕಾದದ್ದು ಎಂದಮೇಲೆ ಅದಕ್ಕೂ ವಿಮರ್ಶೆ ಸಲ್ಲಬೇಕು.

ಮೊದಲು ನನ್ನ ಪ್ರೋಗ್ರಾಮಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಎಫ್‌ಗೆಟ್‌ಡಬ್ಲ್ಯೂಸಿ ಎಂಬ ಫಂಕ್ಷನ್ ಫೈಲಿನಿಂದ ಒಂದೊಂದೇ ಸಂಕೇತವನ್ನು ಎತ್ತಿಕೊಡುತ್ತದೆ. ಫೈಲ್ ಮುಗಿದಾಗ ಡಬ್ಲ್ಯೂಇಒಎಫ್ ಎಂಬ ಗುರುತು ಕೊಡುತ್ತದೆ. ಆ ಗುರುತು ಬರುವ ತನಕ ಓದು, ಬಂದಮೇಲೆ ನಿಲ್ಲು ಎಂದು ಬರೆದಿದ್ದೆ. ಪಠ್ಯಪುಸ್ತಕದಲ್ಲೂ ಬಹಳ ಸಲ ಹೀಗೇ ಇರುತ್ತದೆ. ಆದರೆ ಫೈಲಿನ ನಡುವೆ ಅಕ್ಷರವಾಗಿ ಕೂಡದ ಬೈಟುಗಳು ಸಿಕ್ಕಾಗಲೂ ಆ ಫಂಕ್ಷನ್ ಕೊಡುವುದು ಅದೇ ಗುರುತನ್ನು. ಮುಗಿದದ್ದಕ್ಕೂ ನಿಂತದ್ದಕ್ಕೂ ಒಂದೇ ಮುಖ.

ನನ್ನ ಫೈಲ್ ಹಲವು ಫೈಲುಗಳನ್ನು ಒಂದರ ಹಿಂದೊಂದು ಜೋಡಿಸಿ ನಾನೇ ಮಾಡಿಕೊಂಡದ್ದು. ಹೆಚ್ಚಿನವು ಯೂನಿಕೋಡಿನವು. ನಡುವೆ ಒಂದು ಮಾತ್ರ ಕಾಕಾನ ಕಾಲದ, ಹಳೆಯ ನುಡಿ ಅಕ್ಷರಶೈಲಿಯದು. ಆ ಪದ್ಧತಿಯಲ್ಲಿ ಅಕ್ಷರದ ತಲಕಟ್ಟಿಗೇ ಒಂದು ಪ್ರತ್ಯೇಕ ಸಂಕೇತವಿದೆ, ಅದರ ಸಂಖ್ಯೆ 192. ಯೂನಿಕೋಡ್ ಪಠ್ಯವನ್ನು ಉಳಿಸುವ ಯುಟಿಎಫ್-8 ಕ್ರಮದಲ್ಲಿ 192 ಎಂಬ ಬೈಟಿಗೆ ಎಲ್ಲೂ ಜಾಗವಿಲ್ಲ. ‘ಕನ್ನಡ’ ಎಂದು ಬರೆದರೆ ಮೂರು ಕಡೆ ತಲಕಟ್ಟು ಬರುತ್ತದೆ. ಮೊದಲನೆಯದಕ್ಕೇ ಓದು ನಿಲ್ಲುತ್ತದೆ. ನನ್ನ ಪ್ರೋಗ್ರಾಮ್ ಆ ಹಳೆಯ ಫೈಲಿನ ಹೊಸ್ತಿಲಲ್ಲೇ ಎಡವಿ, ಅಲ್ಲಿಗೆ ಪಠ್ಯ ಮುಗಿಯಿತೆಂದು ತಿಳಿದು, ಅದುವರೆಗಿನ ಎಣಿಕೆಯನ್ನು ಪೂರ್ಣ ಲೆಕ್ಕವೆಂದು ಒಪ್ಪಿಸಿತ್ತು.

ಹಸ್ತಪ್ರತಿಗಳ ಕೆಲಸ ಮಾಡುವವರಿಗೆ ಇದು ಹೊಸ ಸಮಸ್ಯೆಯಲ್ಲ. ತಾಳೆಗರಿ ಮುರಿದಿದ್ದರೆ, ಹುಳು ತಿಂದಿದ್ದರೆ, ಓಲೆಯೇ ಕಳೆದಿದ್ದರೆ ಸಂಪಾದಕರು ಅದನ್ನು ಗ್ರಂಥಪಾತ ಎನ್ನುತ್ತಾರೆ, ಆ ಜಾಗವನ್ನು ಚುಕ್ಕೆಗಳಿಂದ ತೋರಿಸುತ್ತಾರೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಎಂ.ಎ.ಯಲ್ಲಿ ಓದುವ ನಾವು ಆ ಚುಕ್ಕೆಗಳ ಬೆಲೆ ತಿಳಿಯದವರಲ್ಲ. ಚುಕ್ಕೆ ಇಡದೆ ಮುಂದಿನ ಸಾಲನ್ನು ಹಿಂದಿನದಕ್ಕೆ ಅಂಟಿಸಿದರೆ ಓದುಗರಿಗೆ ಮೋಸವಾಗುತ್ತದೆ. ಇಷ್ಟು ತಿಳಿದ ನಾನು ನನ್ನ ಪ್ರೋಗ್ರಾಮಿನಲ್ಲಿ ಚುಕ್ಕೆಗೆ ಜಾಗವನ್ನೇ ಬಿಟ್ಟಿರಲಿಲ್ಲ.

ಲೈಬ್ರರಿ ಮಾತ್ರ ಬಿಟ್ಟಿತ್ತು. ಅದರ ಹೆಸರು ಎರ್‌ನೋ. ಸಿ ಲೈಬ್ರರಿಯ ಹಲವು ಫಂಕ್ಷನ್‌ಗಳು ಸೋತಾಗ ಎರಡು ಕೆಲಸ ಮಾಡುತ್ತವೆ: ಸೋತೆನೆಂಬ ಗುರುತನ್ನು ಕರೆದವರ ಕೈಗೆ ಕೊಡುತ್ತವೆ, ಏಕೆ ಸೋತೆನೆಂಬ ಸಂಖ್ಯೆಯನ್ನು ಎರ್‌ನೋದಲ್ಲಿ ಬರೆದಿಡುತ್ತವೆ. ಸ್ಟ್ರ್‌ಎರರ್ ಎಂಬ ಫಂಕ್ಷನ್ ಆ ಸಂಖ್ಯೆಯನ್ನು ವಾಕ್ಯವಾಗಿಸುತ್ತದೆ. ಪಿಎರರ್ ಎಂಬುದು ನಾವು ಕೊಟ್ಟ ಮಾತನ್ನು ಮುಂದಿಟ್ಟು, ವಿವರಣಚಿಹ್ನೆ ಹಾಕಿ, ಆ ವಾಕ್ಯವನ್ನು ಅಚ್ಚು ಮಾಡುತ್ತದೆ. ಎಣಿಕೆಯ ಕೊನೆಗೆ ಎಫ್‌ಇಒಎಫ್ ಫಂಕ್ಷನ್ನನ್ನು ಕರೆದು “ನಿಜವಾಗಿ ಮುಗಿಯಿತೆ?” ಎಂದು ನಾನು ಕೇಳಿದ್ದರೆ ‘ಇಲ್ಲ’ ಎಂಬ ಉತ್ತರ ಬರುತ್ತಿತ್ತು. ಎರ್‌ನೋದಲ್ಲಿ 84 ಇರುತ್ತಿತ್ತು.

ಹೀಗೆ ಕೇಳುವುದಕ್ಕೂ ಒಂದು ಶಿಸ್ತಿದೆ. ಎರ್‌ನೋವನ್ನು ಲೈಬ್ರರಿಯ ಯಾವ ಫಂಕ್ಷನ್ನೂ ತಾನಾಗಿ ಸೊನ್ನೆ ಮಾಡುವುದಿಲ್ಲ. ಗೆದ್ದ ಫಂಕ್ಷನ್ ಕೂಡ ಅದರಲ್ಲಿ ಬೇರೆ ಸಂಖ್ಯೆ ಬಿಟ್ಟುಹೋಗಬಹುದು. ಆದ್ದರಿಂದ ಮೊದಲು ಸೋಲಿನ ಗುರುತು ಬಂದಿದೆಯೇ ನೋಡಬೇಕು, ಬಂದಿದ್ದರೆ ಮಾತ್ರ ಎರ್‌ನೋ ಓದಬೇಕು. ನನ್ನ ಡಬ್ಲ್ಯೂಇಒಎಫ್‌ನಂತೆ ಗುರುತೇ ಇಬ್ಬಗೆಯದಾಗಿದ್ದರೆ ಕರೆಯುವ ಮೊದಲು ನಾವೇ ಅದನ್ನು ಸೊನ್ನೆ ಮಾಡಿಡಬೇಕು. ಓದುವುದನ್ನು ತಡಮಾಡಬಾರದು. ನಡುವೆ ಒಂದು ಸಾಲು ಅಚ್ಚು ಮಾಡಿದರೂ ಆ ಅಚ್ಚಿನ ಫಂಕ್ಷನ್ ಹಳೆಯ ಸಂಖ್ಯೆಯನ್ನು ಅಳಿಸಬಹುದು. ಬೇರೆ ಕೆಲಸ ಇದ್ದರೆ ಸಂಖ್ಯೆಯನ್ನು ಮೊದಲು ಇನ್ನೊಂದು ಕಡೆ ಎತ್ತಿಟ್ಟುಕೊಳ್ಳಬೇಕು. ಹೋಲಿಸುವಾಗ ಸಂಖ್ಯೆಗಿಂತ ಹೆಸರು ಬಳಸುವುದು ಲೇಸು: ನನ್ನ ಲಿನಕ್ಸ್‌ನ 84 ಮ್ಯಾಕ್‌ನಲ್ಲಿ 92.

ತಡವಾಗಿ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಯೂನಿಕ್ಸ್ ಲೋಕದಲ್ಲಿ ಒಂದು ಹಳೆಯ ನಗೆಪಾಟಲಿದೆ. ಆಗ ಟರ್ಮಿನಲ್ ಎಂದರೆ ಟೈಪ್‌ರೈಟರಿನಂಥ ಯಂತ್ರ. ಎದುರಿಗಿರುವುದು ಟರ್ಮಿನಲ್ ಹೌದೇ ಎಂದು ಲೈಬ್ರರಿ ಒಳಗೊಳಗೇ ವಿಚಾರಿಸುತ್ತಿತ್ತು. ಅಲ್ಲದಿದ್ದರೆ ಎರ್‌ನೋದಲ್ಲಿ 25 ಉಳಿಯುತ್ತಿತ್ತು. ಅದರ ಸಂದೇಶ ‘ನಾಟ್ ಎ ಟೈಪ್‌ರೈಟರ್’. ಬೇರೇನೋ ತಪ್ಪಾದಾಗ ಪ್ರೋಗ್ರಾಮ್ ತಡವಾಗಿ ಎರ್‌ನೋ ನೋಡಿದರೆ ಬಳಕೆದಾರರಿಗೆ ಸಿಗುತ್ತಿದ್ದ ಉತ್ತರ: ಇದು ಟೈಪ್‌ರೈಟರ್ ಅಲ್ಲ! ಇದರ ತಿರುವುಮುರುವೂ ಉಂಟು. ಎರ್‌ನೋ ಮುಟ್ಟದ ಫಂಕ್ಷನ್ ಸೋತಾಗ ಪಿಎರರ್ ಕರೆದರೆ ‘ಸಕ್ಸೆಸ್’ ಎಂದು ಅಚ್ಚಾಗುತ್ತದೆ. ಎರಡೂ ಸಲ ವಾಕ್ಯ ಸರಿಯಾಗಿಯೇ ಇದೆ, ಕೇಳಿದ ಗಳಿಗೆ ತಪ್ಪು.

ಈಗ ವಾಕ್ಯಗಳ ಕಡೆ ಬರೋಣ. ‘ಪರ್ಮಿಷನ್ ಡಿನೈಡ್’ ಎಂಬುದು 13ನೆಯದು. ನಿರಾಕರಿಸಿದವರು ಯಾರು? ವಾಕ್ಯದಲ್ಲಿ ಕರ್ತೃವಿಲ್ಲ. ಇದನ್ನು ಅಧಿಕಾರದ ಭಾಷೆ ಎಂದು ಬೈಯುವುದು ಸುಲಭ, ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಲೈಬ್ರರಿಗೆ ನಿಜಕ್ಕೂ ಗೊತ್ತಿರುವುದು ಅಷ್ಟೇ. ಆಪರೇಟಿಂಗ್ ಸಿಸ್ಟಮ್ಮಿನ ಕರ್ನೆಲ್ ಅದಕ್ಕೆ ಒಂದು ಸಂಖ್ಯೆಯನ್ನಷ್ಟೇ ಕೊಟ್ಟು ಕಳಿಸಿದೆ. ನಿಯಮ ಹಾಕಿದವರು ಯಾರು, ಯಾವ ಫೋಲ್ಡರಿನ ಬಾಗಿಲಲ್ಲಿ ತಡೆಯಾಯಿತು ಎಂಬುದು ಆ ಸಂಖ್ಯೆಯಲ್ಲಿಲ್ಲ. ತಿಳಿಯದ್ದನ್ನು ಹೇಳದಿರುವುದು ಸಂದೇಶದ ಪ್ರಾಮಾಣಿಕತೆಯೇ.

ಕರ್ತೃವಿಲ್ಲದ ಆ ಇಂಗ್ಲಿಷನ್ನು ನಾವು ಯಾವ ಕನ್ನಡಕ್ಕೆ ತರುತ್ತೇವೆ ಎಂಬುದು ನನ್ನ ತಕರಾರು. ಗ್ನೂ ಸಿ ಲೈಬ್ರರಿಯಲ್ಲಿ ಕನ್ನಡದ ಲೊಕೇಲ್ ಇದೆ. ಅದನ್ನು ಆರಿಸಿಕೊಂಡರೆ ವಾರ, ತಿಂಗಳುಗಳ ಹೆಸರು ಕನ್ನಡದಲ್ಲಿ ಬರುತ್ತವೆ. ದೋಷಸಂದೇಶ ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ. ಗ್ನೋಮ್, ಫೈರ್‌ಫಾಕ್ಸ್‌ಗಳಿಗೆ ಸ್ವಯಂಸೇವಕರು ಕನ್ನಡದ ಮಾತು ಕೊಟ್ಟಿದ್ದಾರೆ; ನಾಳೆ ಯಾರಾದರೂ ಇದಕ್ಕೂ ಕೊಡಬಹುದು. ಆಗ ಕೈಗೆ ತಟ್ಟನೆ ಬರುವುದು ‘ಅನುಮತಿಯನ್ನು ನಿರಾಕರಿಸಲಾಗಿದೆ’. ಇದು ಕಚೇರಿಯ ನೋಟಿಸಿನ ಕನ್ನಡ. ‘ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂದು ಓದಿ ಹಿಂದಿರುಗಿದವರಿಗೆ ಆ ‘ಲಾಗಿದೆ’ಯ ಭಾರ ಗೊತ್ತು. ತಪ್ಪು ತನ್ನದೇ ಇರಬೇಕೆಂದು ಓದಿದವರು ಕುಗ್ಗುತ್ತಾರೆ. ಕನ್ನಡ ಮಾಧ್ಯಮದಿಂದ ಬಂದು ಮೊದಲ ಸಲ ಕಪ್ಪು ಪರದೆಯ ಮುಂದೆ ಕೂತ ವಿದ್ಯಾರ್ಥಿಗೆ ಬೇಕಾದದ್ದು ಆ ಕುಗ್ಗಿಕೆಯಲ್ಲ.

ಕನ್ನಡಕ್ಕೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುತ್ತದೆ, ಏಕೆಂದರೆ ಇಂಗ್ಲಿಷು ‘ನೋ’, ‘ನಾಟ್’ಗಳಲ್ಲಿ ಒಟ್ಟು ಮಾಡಿದ್ದನ್ನು ನಾವು ಬಿಡಿಸಿ ಇಟ್ಟುಕೊಂಡಿದ್ದೇವೆ. 2ನೆಯದು ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’: ಅಂಥ ಫೈಲಾಗಲಿ ಫೋಲ್ಡರಾಗಲಿ ಇಲ್ಲ. 20ನೆಯದು ‘ನಾಟ್ ಎ ಡೈರೆಕ್ಟರಿ’: ಇದು ಫೋಲ್ಡರ್ ಅಲ್ಲ. ‘ಇಲ್ಲ’ ಎಂದರೆ ಹುಡುಕಬೇಕು, ‘ಅಲ್ಲ’ ಎಂದರೆ ಸಿಕ್ಕದ್ದನ್ನೇ ಬೇರೆಯಾಗಿ ನೋಡಬೇಕು. ಮುಂದೇನು ಮಾಡಬೇಕೆಂಬುದು ಆ ಒಂದು ಅಕ್ಷರದಲ್ಲೇ ಇದೆ. 1ನೆಯದು, ಈ ಕೆಲಸ ಮಾಡಕೂಡದು. 13ನೆಯದು, ಪರವಾನಗಿ ಇಲ್ಲ. 1948ರ ತನಕ ನಿಜಾಮರ ಆಡಳಿತದಲ್ಲಿದ್ದು, ಉರ್ದುವಿನಲ್ಲಿ ಕಚೇರಿ ಕಂಡ ಕಲಬುರಗಿಯಲ್ಲಿ ‘ನಾಮಂಜೂರು’ ಎಂದರೂ ಎಲ್ಲರಿಗೂ ತಿಳಿಯುತ್ತದೆ. ಆದರೆ ಅದು ಅರ್ಜಿ ಕೊಟ್ಟಮೇಲಿನ ಮಾತು. 11ನೆಯದು, ಸದ್ಯ ಸಿಗದು, ಮತ್ತೆ ಕೇಳಿ. ಇನ್ನು 111ನೆಯದು ‘ಕನೆಕ್ಷನ್ ರೆಫ್ಯೂಸ್ಡ್’. ಆಚೆಯ ಯಂತ್ರ ಇದೆ, ನಮ್ಮ ಕರೆ ಅದಕ್ಕೆ ಮುಟ್ಟಿದೆ, ಅದು ಒಲ್ಲೆ ಎಂದಿದೆ. ಇಲ್ಲಿ ಕರ್ತೃ ಉಂಟು. ತತ್ವಪದಕಾರರಿಗೆ ಗೊತ್ತಿದ್ದ ವ್ಯತ್ಯಾಸವೇ ಇದು: ಇಲ್ಲದ್ದಕ್ಕೆ ‘ಒಲ್ಲೆ’ ಎನ್ನಲು ಬಾಯಿಲ್ಲ.

ಆದರೂ ಒಳ್ಳೆಯ ಅನುವಾದದಿಂದಷ್ಟೇ ಕೆಲಸ ಮುಗಿಯದು. ಹೊಸ ಫೈಲ್ ಸೃಷ್ಟಿಸಲು ಹೋದವರಿಗೂ ‘ಅಂಥ ಫೈಲಾಗಲಿ ಫೋಲ್ಡರಾಗಲಿ ಇಲ್ಲ’ ಎಂಬ ಉತ್ತರ ಬರಬಹುದು. ಇಲ್ಲವೆಂದೇ ಸೃಷ್ಟಿಸುತ್ತಿದ್ದೇನಲ್ಲ ಎಂದು ಅವರು ಕಕ್ಕಾಬಿಕ್ಕಿಯಾಗುತ್ತಾರೆ. ನಿಜದಲ್ಲಿ ಇಲ್ಲದ್ದು ಆ ದಾರಿಯ ನಡುವಿನ ಒಂದು ಫೋಲ್ಡರ್. ಯಾವ ಫೈಲ್, ಯಾವ ದಾರಿ, ಏನು ಮಾಡಲು ಹೋದಾಗ ಎಂಬುದು ಪ್ರೋಗ್ರಾಮ್ ಬರೆದವರಿಗೆ ಮಾತ್ರ ಗೊತ್ತಿರುತ್ತದೆ. ಲೈಬ್ರರಿ ಅರ್ಧ ವಾಕ್ಯ ಹೇಳುತ್ತದೆ, ಉಳಿದರ್ಧ ಬರೆದವರ ಹೊಣೆ. ಪಿಎರರ್‌ಗೆ ಫೈಲಿನ ಹೆಸರು ಕೊಡದೆ ‘ಎರರ್’ ಎಂದಷ್ಟೇ ಕೊಡುವುದು, ಯಾವ ಪ್ರತಿಯ ಯಾವ ಓಲೆ ಎಂದು ತಿಳಿಸದೆ ಗ್ರಂಥಪಾತ ಎಂದು ಬರೆದಂತೆ.

ಸಿ ಭಾಷೆಯ ಅಂತರರಾಷ್ಟ್ರೀಯ ಮಾನಕ ಹೆಸರಿಸುವ ದೋಷಗಳು ಮೂರೇ. ಉಳಿದವು ಯೂನಿಕ್ಸ್ ಬಳಗದಿಂದ ಬಂದವು. ಮೊದಲ ಎರಡು ಗಣಿತಕ್ಕೆ ಸೇರಿದವು: ಕೊಟ್ಟ ಸಂಖ್ಯೆ ಫಂಕ್ಷನ್ನಿನ ಕ್ಷೇತ್ರದಲ್ಲಿಲ್ಲ, ಬಂದ ಉತ್ತರ ಮಿತಿಯಲ್ಲಿಲ್ಲ. ಮೂರನೆಯದು 1995ರ ತಿದ್ದುಪಡಿಯಲ್ಲಿ, ಇಂಗ್ಲಿಷಿನಾಚೆಯ ಲಿಪಿಗಳಿಗೆ ಜಾಗ ಮಾಡುವಾಗ ಬಂತು. ನನ್ನ 84 ಅದೇ. ಅದರ ಹೆಸರಿನ ಅರ್ಥ ‘ಇಲ್ಲೀಗಲ್ ಸೀಕ್ವೆನ್ಸ್’. ಈ ಹೆಸರಿಗೆ ನನ್ನ ಒಪ್ಪಿಗೆಯಿಲ್ಲ. ಕನ್ನಡದಲ್ಲಿ ‘ಅಕ್ರಮ’ ಎಂದರೆ ಕ್ರಮವಿಲ್ಲದ್ದು ಎಂದೂ ಆಯಿತು, ಕಾನೂನಿಗೆ ಹೊರಗಿನದು ಎಂದೂ ಆಯಿತು. ಕಾಕಾ ಟೈಪ್ ಮಾಡಿದ ಪದಗಳು ಎರಡೂ ಅಲ್ಲ. ಅವುಗಳಿಗೆ ಅವುಗಳದೇ ಕ್ರಮವಿತ್ತು. ನಾನು ಇನ್ನೊಂದು ಕ್ರಮದಲ್ಲಿ ಓದಲು ಹೋದೆ. ಯೂನಿಕೋಡ್ ಬರುವ ಮೊದಲು ಊರೂರಿನ ಡಿಟಿಪಿ ಅಂಗಡಿಗಳಲ್ಲಿ ಟೈಪಾದ ಎಷ್ಟೋ ಕನ್ನಡ ಇಂದಿನ ಪ್ರೋಗ್ರಾಮುಗಳ ಕಣ್ಣಿಗೆ ಹೀಗೇ ಅಕ್ರಮ. ‘ಈ ಕ್ರಮದಲ್ಲಿ ಓದಲಾಗದ ಬೈಟು’ ಎಂದರೆ ಸಾಕು. ತಪ್ಪು ಪಠ್ಯದ ತಲೆಯ ಮೇಲೆ ಬೀಳುವುದಿಲ್ಲ.

ಈಗ ನನ್ನ ಪ್ರೋಗ್ರಾಮ್ ಕೊನೆಗೆ ಎಫ್‌ಇಒಎಫ್ ಕೇಳುತ್ತದೆ. ಮುಗಿಯದೆ ನಿಂತಿದ್ದರೆ ಫೈಲಿನ ಹೆಸರು, ಸಾಲಿನ ಸಂಖ್ಯೆ, ಲೈಬ್ರರಿಯ ಸಂದೇಶ ಮೂರನ್ನೂ ಬರೆದು, ಎಣಿಕೆಯನ್ನು ಕೊಡದೆ ಸುಮ್ಮನಾಗುತ್ತದೆ. ಹಳೆಯ ಫೈಲನ್ನು ಯೂನಿಕೋಡಿಗೆ ಪರಿವರ್ತಿಸಿ ಮತ್ತೆ ಎಣಿಸಿದೆ. ‘ಒಲ್ಲೆ’ಗಳು ಅಲ್ಲೇ ಇದ್ದವು. ಎರಡು ಪುಟ ವಿಮರ್ಶೆಯನ್ನು ತೆಗೆದುಹಾಕಿದೆ. ಚೆನ್ನಾಗಿಯೇ ಬರೆದಿದ್ದೆ, ಅದಕ್ಕೇ ಹೆಚ್ಚು ಭಯವಾಯಿತು.