ಬರಹದಲ್ಲಿ ರಚನೆಯೂ ಲೇಖನವೂ: ‘ತಾರೇ ಜಮೀನ್ ಪರ್’ ಚಲಚ್ಚಿತ್ರದ ಒಂದು ವಿಮರ್ಶೆ

ವಿದ್ಯಾರ್ಥಿಯ ಬರಹವನ್ನು ಪರೀಕ್ಷಿಸುವಾಗ ನಾವು ಎರಡು ಕಾರ್ಯಗಳನ್ನು ಒಂದೆಂದೇ ಎಣಿಸುತ್ತೇವೆ. ಅರ್ಥವನ್ನು ಕಲ್ಪಿಸಿ ವಾಕ್ಯವಾಗಿ ಕಟ್ಟುವುದು ರಚನೆ. ಅದನ್ನು ಕೈಯಿಂದ ಅಕ್ಷರಗಳಲ್ಲಿ ಮೂಡಿಸುವುದು ಲೇಖನ. ವ್ಯಾಸರು ಹೇಳಲು ಗಣಪತಿಯು ಬರೆದನೆಂಬ ಕಥೆಯನ್ನು ಪುಣೆಯ ಪರಿಷ್ಕೃತ ಮಹಾಭಾರತದ ಸಂಪಾದಕರು ಪ್ರಕ್ಷಿಪ್ತವೆಂದು ಮೂಲಪಾಠದಿಂದ ಬಿಟ್ಟಿರುವರು. ಆದರೂ ಕವಿ ಬೇರೆ, ಲಿಪಿಕಾರ ಬೇರೆ ಎಂಬ ವಿವೇಕವು ಆ ಕಥೆಯಲ್ಲುಂಟು. ಪಾಠಶಾಲೆಯಲ್ಲಿ ಈ ವಿವೇಕವು ತಪ್ಪಿದಾಗ ಓದುಬರಹದ ಜನ್ಮಸಿದ್ಧ ತೊಡಕುಳ್ಳ ಮಕ್ಕಳು ಮಂದಮತಿಗಳೆಂಬ ಹೆಸರನ್ನು ಹೊರಬೇಕಾಗುತ್ತದೆ.

ಅಮೋಲ್ ಗುಪ್ತೆಯವರು ಕಥೆಯನ್ನು ಬರೆದು ಆಮಿರ್ ಖಾನರು ನಿರ್ದೇಶಿಸಿದ ಈ ಹಿಂದೀ ಚಿತ್ರವು 2007ರಲ್ಲಿ ಹೊರಬಂದಿತು. ಅಕ್ಷರಗಳನ್ನು ತಿರುಗುಮುರುಗಾಗಿ ಬರೆಯುವ ಬಾಲಕ ಈಶಾನನು ಸೋಮಾರಿಯೆನ್ನಿಸಿಕೊಂಡು ವಸತಿಶಾಲೆಗೆ ಕಳುಹಿಸಲ್ಪಡುತ್ತಾನೆ. ಚಿತ್ರಕಲೆಯ ಉಪಾಧ್ಯಾಯ ನಿಕುಂಭನು ಅವನ ತಪ್ಪುಗಳಲ್ಲಿಯೂ ಒಂದು ಕ್ರಮವಿರುವುದನ್ನು ಕಂಡು, ಇದು ಡಿಸ್ಲೆಕ್ಸಿಯವೆಂದು ತಿಳಿದು, ಮರಳಿನಲ್ಲಿಯೂ ಜೇಡಿಮಣ್ಣಿನಲ್ಲಿಯೂ ಅಕ್ಷರಗಳನ್ನು ಕಲಿಸುತ್ತಾನೆ. ಲೇಖನಕ್ಕೆ ಬೇಕಾದ ಚಿಕಿತ್ಸೆಯನ್ನು ಚಿತ್ರವು ಇಷ್ಟು ಸಹಾನುಭೂತಿಯಿಂದ ನಿರೂಪಿಸಿರುವುದು ಶ್ಲಾಘ್ಯವೇ ಸರಿ.

ಆದರೆ ನಮ್ಮ ದೃಷ್ಟಿಯಲ್ಲಿ ಚಿತ್ರದ ಅತ್ಯುತ್ತಮ ಸನ್ನಿವೇಶವು ಬೇರೊಂದು. ಹಿಂದೀ ತರಗತಿಯಲ್ಲಿ ಈಶಾನನು ಪದ್ಯವೊಂದರ ಭಾವವನ್ನು ಸ್ವಂತ ಮಾತುಗಳಲ್ಲಿ ಹೇಳುತ್ತಾನೆ. ಉಪಾಧ್ಯಾಯರು ಅದನ್ನು ತಿರಸ್ಕರಿಸಿ, ಕಂಠಪಾಠದ ಉತ್ತರವನ್ನು ಮೆಚ್ಚುತ್ತಾರೆ. ನಿಜವಾದ ಅರ್ಥವನ್ನು ಹೇಳಿದವನು ನೀನೇ ಎಂದು ತಿಳಿಸುವವನು ಸಹಪಾಠಿ ರಾಜನ್ ಮಾತ್ರ. ಇಲ್ಲಿ ರಸಜ್ಞತೆಯುಂಟು, ರಚನೆಯೂ ಉಂಟು. ಈ ಬೀಜವನ್ನು ಚಿತ್ರವು ಬೆಳೆಯಿಸಲಿಲ್ಲ. ಕೊನೆಗೆ ಬಾಲಕನಿಗೆ ಮಾನ್ಯತೆಯನ್ನು ತರುವುದು ಚಿತ್ರರಚನೆಯ ಸ್ಪರ್ಧೆಯ ಬಹುಮಾನ. ಕುಂಚದ ಪ್ರತಿಭೆಯಿಲ್ಲದ ಮಗುವಿಗೆ ಗತಿಯೇನೆಂಬ ಪ್ರಶ್ನೆಯು ಹಾಗೆಯೇ ಉಳಿಯುತ್ತದೆ.

ಕನ್ನಡದ ಅಧ್ಯಾಪಕರಿಗೂ ಈ ಪ್ರಶ್ನೆಯು ಪರಕೀಯವಲ್ಲ. ‘ಸೂರ್ಯ’ ಎಂಬಲ್ಲಿ ರೇಫವು ಕಿವಿಗೆ ಮೊದಲು ಕೇಳಿಸುತ್ತದೆ. ಅದರ ಚಿಹ್ನೆಯಾದ ಅರ್ಕಾವೊತ್ತು ಯಕಾರದ ಅನಂತರ ಬರುತ್ತದೆ. ಕೇಳಿದ ಕ್ರಮದಲ್ಲಿಯೇ ಬರೆಯಹೊರಟ ಮಗುವಿನ ತಪ್ಪು ಭಾಷೆಯ ಅಜ್ಞಾನವಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಪರೀಕ್ಷೆಯಲ್ಲಿ ಹೆಚ್ಚಿನ ಕಾಲ, ಲಿಪಿಕಾರನ ಸಹಾಯ, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಮೊದಲಾದ ಅನುಕೂಲಗಳನ್ನು ಹೇಳಿದೆ. ಇವುಗಳಲ್ಲಿ ಭಾಷೆಯ ವಿನಾಯಿತಿಯೇ ಸುಲಭವೆಂದು ತೋರಬಹುದು. ಅದು ಕೆಲವರಿಗೆ ಅವಶ್ಯಕವೂ ಹೌದು. ಆದರೆ ಲೇಖನದ ಕಷ್ಟವನ್ನು ನೀಗಲೆಂದು ಕನ್ನಡವನ್ನೇ ಬಿಡಿಸಿದರೆ, ಈಶಾನನಂತಹ ಮಗುವಿಗೆ ಪದ್ಯದ ಅರ್ಥವನ್ನು ಹೇಳುವ ಅವಕಾಶವೇ ಇಲ್ಲವಾಗುತ್ತದೆ. ಆದುದರಿಂದ ಅಧ್ಯಾಪಕರು ಮೊದಲು ಮಗುವಿನ ಬಾಯಿಂದ ಅರ್ಥವನ್ನು ಕೇಳಿ, ಲಿಪಿಕಾರನಿಂದ ಬರೆಯಿಸಿ, ರಚನೆಗೂ ಲೇಖನಕ್ಕೂ ಪ್ರತ್ಯೇಕವಾಗಿ ಬೆಲೆಕಟ್ಟಬೇಕು. ವಿನಾಯಿತಿಯ ವಿಚಾರವು ಆಮೇಲಿನದಾಗಬೇಕೆಂದು ನಮ್ಮ ಅಭಿಪ್ರಾಯ.