ಪ್ರೋಗ್ರಾಮರುಗಳ ಪ್ರಶ್ನೋತ್ತರ: ಒಂದು ಗದ್ಯಪ್ರಕಾರದ ವಿಮರ್ಶೆ

ಉತ್ತರ ಬರೆಯುವುದನ್ನು ನಮ್ಮ ವಿಮರ್ಶೆಯು ಒಂದು ಗದ್ಯಪ್ರಕಾರವೆಂದು ಸಾಮಾನ್ಯವಾಗಿ ಗಣಿಸಿಲ್ಲ. ಶಾಸ್ತ್ರಗ್ರಂಥಗಳಲ್ಲಿ ಶಂಕೆಯೂ ಸಮಾಧಾನವೂ ಉಂಟು, ನಿಜ. ಆದರೆ ಅಲ್ಲಿ ಶಂಕಿಸುವವನೂ ಸಮಾಧಾನ ಹೇಳುವವನೂ ಬಹುಮಟ್ಟಿಗೆ ಒಬ್ಬನೇ ಗ್ರಂಥಕರ್ತ. ಪೂರ್ವಪಕ್ಷವು ಸಿದ್ಧಾಂತಕ್ಕೆ ಎಡೆಮಾಡಿಕೊಡುವ ಸಲುವಾಗಿಯೇ ಹುಟ್ಟುತ್ತದೆ. ಬೇರೊಬ್ಬನ ನಿಜವಾದ ಕಷ್ಟದಿಂದ ಮೂಡಿ, ಅರೆಬರೆಯಾಗಿ, ಕೆಲವೊಮ್ಮೆ ತಪ್ಪಾಗಿಯೇ ಕೇಳಲ್ಪಟ್ಟ ಪ್ರಶ್ನೆಗೆ ಉತ್ತರ ಬರೆಯುವುದು ಬೇರೆಯ ಕೆಲಸ. ಕನ್ನಡದಲ್ಲಿ ಇದಕ್ಕೆ ಎದ್ದುಕಾಣುವ ನಿದರ್ಶನ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯಲ್ಲಿ ನಡೆಸಿಕೊಂಡು ಬಂದ ‘ಇಗೋ ಕನ್ನಡ’. ಅಲ್ಲಿ ಓದುಗರು ಶಬ್ದಗಳ ವಿಷಯವಾಗಿ ಕೇಳಿದರು. ಒಬ್ಬ ನಿಘಂಟುಕಾರರು ಹೇಳಿದರು. ಉತ್ತರದ ಪ್ರಾಮಾಣ್ಯವು ಆ ಒಬ್ಬರ ವಿದ್ವತ್ತಿನಲ್ಲಿ ನೆಲೆಸಿತ್ತು. ಪ್ರಕೃತ ನಾವು ವಿಚಾರಿಸಹೊರಟಿರುವ ಬರೆಹದಲ್ಲಿ ಅಂತಹ ಒಬ್ಬರಿಲ್ಲ. ಕೇಳುವವರೂ ಪ್ರೋಗ್ರಾಮರುಗಳು, ಹೇಳುವವರೂ ಅವರೇ, ತಿದ್ದುವವರೂ ಅವರೇ.

2008ರಲ್ಲಿ ಜೆಫ್ ಆಟ್‌ವುಡ್ ಮತ್ತು ಜೋಯೆಲ್ ಸ್ಪೋಲ್‌ಸ್ಕಿ ಎಂಬಿಬ್ಬರು ಆರಂಭಿಸಿದ ‘ಸ್ಟ್ಯಾಕ್ ಓವರ್‌ಫ್ಲೋ’ ಎಂಬ ಪ್ರಶ್ನೋತ್ತರ ಭಂಡಾರವೇ ನಮ್ಮ ಆಕರ. ಅದಕ್ಕೆ ಮೊದಲೂ ಇಂತಹ ಉತ್ತರಗಳಿಗೆ ಕೊರತೆಯಿರಲಿಲ್ಲ. ಸಿ ಭಾಷೆಯ ವಿಷಯದಲ್ಲಿ ಮೇಲಿಂದ ಮೇಲೆ ಬರುತ್ತಿದ್ದ ಪ್ರಶ್ನೆಗಳಿಗೆ ಸ್ಟೀವ್ ಸಮಿಟ್ ಎಂಬವರು ಸಿದ್ಧಪಡಿಸಿದ ಉತ್ತರಮಾಲೆಯು ಬಳಿಕ ಗ್ರಂಥರೂಪದಲ್ಲಿಯೂ ಹೊರಬಂದಿತು. ಪ್ರಶ್ನೆಯನ್ನು ಹೇಗೆ ಕೇಳಬೇಕೆಂಬುದನ್ನೇ ಕುರಿತು ಎರಿಕ್ ರೇಮಂಡ್ 2001ರಲ್ಲಿ ಒಂದು ಪ್ರಬಂಧವನ್ನು ಬರೆದರು. ಆ ಪ್ರಬಂಧದಲ್ಲಿ ಹಿತವಚನಕ್ಕಿಂತ ಗದರಿಕೆಯೇ ಹೆಚ್ಚೆಂಬುದು ನಮ್ಮ ಅಭಿಪ್ರಾಯ. ಅದು ಹಾಗಿರಲಿ. ಹೊಸ ಭಂಡಾರದ ವೈಶಿಷ್ಟ್ಯವೇನೆಂದರೆ, ಒಂದೇ ಪ್ರಶ್ನೆಗೆ ಹಲವರು ಉತ್ತರಿಸಬಹುದು. ಓದಿದವರು ಮತ ನೀಡಬಹುದು. ಯಾರು ಬರೆದ ಉತ್ತರವನ್ನಾದರೂ ಇತರರು ತಿದ್ದಬಹುದು. ತಿದ್ದುಪಡಿಗಳೆಲ್ಲ ದಾಖಲೆಯಾಗಿ ಉಳಿಯುತ್ತವೆ.

ಇಂತಹ ಉತ್ತರಕ್ಕೆ ಇಬ್ಬರು ಶ್ರೋತೃಗಳು. ಮೊದಲನೆಯವನು ಕೇಳಿದವನು, ಅವನ ಕೆಲಸ ಇಂದು ನಿಂತುಹೋಗಿದೆ, ಅವನಿಗೆ ಆತುರ. ಎರಡನೆಯವನು ಇನ್ನೂ ಬಂದಿಲ್ಲ. ಮೂರು ವರ್ಷದ ಮೇಲೆ ಅದೇ ತೊಡಕಿನಲ್ಲಿ ಸಿಕ್ಕಿ ಹುಡುಕಿಕೊಂಡು ಬರುತ್ತಾನೆ, ಓದುತ್ತಾನೆ, ಹೆಸರೂ ಹೇಳದೆ ಹೊರಟುಹೋಗುತ್ತಾನೆ. ಈ ಪ್ರಕಾರದ ಗುಣಗಳೂ ಅದರ ಕಾಠಿಣ್ಯವೂ ಈ ಎರಡನೆಯವನ ಸಲುವಾಗಿಯೇ ಹುಟ್ಟಿದವೆಂದು ನಮಗೆ ತೋರುತ್ತದೆ. ಕೆಲವು ನಿದರ್ಶನಗಳಿಂದ ಇದನ್ನು ಪರಿಶೀಲಿಸಬಹುದು.

2012ರ ಜೂನ್ ತಿಂಗಳಲ್ಲಿ ಒಬ್ಬನು ಹೀಗೆ ಕೇಳಿದನು. 32,768 ಸಂಖ್ಯೆಗಳ ಒಂದು ಪಟ್ಟಿಯಿದೆ. ಪ್ರತಿಯೊಂದೂ 0ಯಿಂದ 255ರ ಒಳಗಿನದು. ಅವುಗಳಲ್ಲಿ 128ಕ್ಕೆ ಕಡಿಮೆಯಲ್ಲದವನ್ನು ಮಾತ್ರ ಕೂಡಬೇಕು. ಈ ಕೆಲಸವನ್ನು ಒಂದು ಲಕ್ಷ ಬಾರಿ ಮಾಡಬೇಕು. ಪಟ್ಟಿ ಕ್ರಮವಿಲ್ಲದೆ ಇದ್ದಾಗ 11.54 ಸೆಕೆಂಡು ಹಿಡಿಯಿತು. ಅದೇ ಪಟ್ಟಿಯನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ 1.93 ಸೆಕೆಂಡು. ಕೂಡುವ ಸಂಖ್ಯೆಗಳು ಅವೇ, ಮೊತ್ತವೂ ಅದೇ. ಕಾಲ ಮಾತ್ರ ಆರನೆಯ ಒಂದು ಪಾಲಿನಷ್ಟಾಯಿತೇಕೆ? ಪ್ರಶ್ನೆಯೇ ಅಚ್ಚುಕಟ್ಟಾಗಿದೆ. ಕೇಳಿದವನು ತನ್ನ ಪ್ರಯೋಗವನ್ನು ಪೂರ್ತಿಯಾಗಿ ಮುಂದಿಟ್ಟಿದ್ದಾನೆ. ಯಾರಾದರೂ ತಮ್ಮ ಯಂತ್ರದಲ್ಲಿ ನಡೆಸಿ ನೋಡಬಹುದು.

ಇದಕ್ಕೆ ಬಂದ ಉತ್ತರ ಆ ಭಂಡಾರದಲ್ಲಿ ಅತ್ಯಂತ ಮನ್ನಣೆ ಪಡೆದ ಬರೆಹಗಳಲ್ಲೊಂದು. ಅದು ಯಂತ್ರದ ಮಾತನ್ನು ಬಿಟ್ಟು ರೈಲಿನ ಮಾತಿನಿಂದ ತೊಡಗುತ್ತದೆ. ಹತ್ತೊಂಬತ್ತನೆಯ ಶತಮಾನ; ದೂರದಿಂದ ಸುದ್ದಿ ತಿಳಿಸುವ ಸಾಧನಗಳಿಲ್ಲ. ಹಳಿಗಳು ಕವಲೊಡೆಯುವ ಸ್ಥಳದಲ್ಲಿ ನೀವು ಕಾವಲಿಗಿದ್ದೀರಿ. ರೈಲು ಬರುವ ಸದ್ದು ಕೇಳುತ್ತದೆ, ಯಾವ ಕಡೆಗೆ ಹೋಗಬೇಕೆಂದು ತಿಳಿಯದು. ನಿಲ್ಲಿಸಿ ಕೇಳಬಹುದು, ಆದರೆ ರೈಲು ಭಾರವಾದದ್ದು, ನಿಲ್ಲುವುದಕ್ಕೂ ಮತ್ತೆ ಹೊರಡುವುದಕ್ಕೂ ಹೊತ್ತು ಬೇಕು. ಆದಕಾರಣ ನೀವು ಊಹಿಸಿ ಹಳಿಯನ್ನು ತಿರುಗಿಸುತ್ತೀರಿ. ಊಹೆ ಸರಿಯಾದರೆ ರೈಲು ನಿಲ್ಲದೆ ಸಾಗುತ್ತದೆ. ತಪ್ಪಾದರೆ ಚಾಲಕನು ನಿಂತು, ಹಿಂದಕ್ಕೆ ಬಂದು, ನಿಮ್ಮನ್ನು ಬೈದು, ಇನ್ನೊಂದು ಹಳಿಯಲ್ಲಿ ಹೋಗಬೇಕು. ಇಂದಿನ ಪ್ರೊಸೆಸರು ಹೀಗೆಯೇ ‘ಹೌದಾದರೆ ಇತ್ತ, ಅಲ್ಲವಾದರೆ ಅತ್ತ’ ಎಂಬ ಕವಲಿನಲ್ಲಿ ಮುಂಚಿತವಾಗಿ ಊಹಿಸಿ ಮುನ್ನಡೆಯುತ್ತದೆ. ಜೋಡಿಸಿದ ಪಟ್ಟಿಯಲ್ಲಿ ಮೊದಲು ಬಹುಕಾಲ ‘ಅಲ್ಲ’, ಆಮೇಲೆ ಬಹುಕಾಲ ‘ಹೌದು’; ಊಹೆ ತಪ್ಪುವುದು ವಿರಳ. ಕಲಸಿದ ಪಟ್ಟಿಯಲ್ಲಾದರೋ ಸುಮಾರು ಅರ್ಧದಷ್ಟು ಊಹೆಗಳು ತಪ್ಪುತ್ತವೆ.

ದೃಷ್ಟಾಂತದ ಔಚಿತ್ಯವನ್ನು ಗಮನಿಸಬೇಕು. ರೈಲಿನ ಭಾರ, ಕಾವಲುಗಾರನ ಅಜ್ಞಾನ, ಹಿಂದಕ್ಕೆ ಬರುವ ನಷ್ಟ, ಇವುಗಳಲ್ಲಿ ಒಂದೂ ಅಲಂಕಾರಕ್ಕಾಗಿ ಬಂದದ್ದಲ್ಲ. ಪ್ರತಿಯೊಂದಕ್ಕೂ ಯಂತ್ರದಲ್ಲಿ ತಕ್ಕ ಪ್ರತಿಯುಂಟು. ಚಾಲಕನ ಬೈಗುಳೊಂದೇ ಹೆಚ್ಚಿನದು. ಅಷ್ಟು ಹಾಸ್ಯವನ್ನು ಯಾವ ಶಾಸ್ತ್ರಕಾರನೂ ಆಕ್ಷೇಪಿಸಲಾರನು. ನಮ್ಮ ಮೆಚ್ಚಿಕೆಗೆ ಇನ್ನೂ ಪಾತ್ರವಾದದ್ದು ಮುಂದಿನ ಭಾಗ. ಕವಲೇ ಇಲ್ಲದಂತೆ ಲೆಕ್ಕವನ್ನು ಮಾಡುವ ಉಪಾಯವನ್ನು ತೋರಿಸಿ, ಅಳತೆಗಳನ್ನು ಕೊಟ್ಟು, ಆ ಬಳಿಕ ಸೇರಿಸಿದ ಟಿಪ್ಪಣಿಯಲ್ಲಿ ಕೆಲವು ಕಂಪೈಲರುಗಳು ಈ ಕವಲನ್ನು ತಾವೇ ನಿವಾರಿಸಿಬಿಡುತ್ತವೆ, ಆಗ ಎರಡು ಪಟ್ಟಿಗಳಿಗೂ ಭೇದವೇ ಕಾಣದು ಎಂದು ಉತ್ತರಕಾರನು ತಿಳಿಸುತ್ತಾನೆ. ತನ್ನ ಸಿದ್ಧಾಂತ ಎಲ್ಲಿ ನಿಲ್ಲುವುದಿಲ್ಲವೆಂಬುದನ್ನು ಅಲ್ಲಿಯೇ ಬರೆದಿಡುವ ಈ ಪ್ರಾಮಾಣಿಕತೆ ಎರಡನೆಯ ಶ್ರೋತೃವಿಗಾಗಿ. ಕೇಳಿದವನ ಸಂಶಯ ಅದಕ್ಕೆ ಮೊದಲೇ ತೀರಿತ್ತು.

ಇದಕ್ಕೆ ನೇರ ವಿರುದ್ಧವಾದ ಇನ್ನೊಂದು ಪ್ರಸಿದ್ಧ ಉತ್ತರ 2009ರದು. ಎಚ್‌ಟಿಎಂಎಲ್ ಎಂಬ ಗುರುತುಭಾಷೆಯ ಪಠ್ಯದಲ್ಲಿ ತೆರೆಯುವ ಗುರುತುಗಳನ್ನು ಮಾತ್ರ ‘ರೆಗ್ಯುಲರ್ ಎಕ್ಸ್‌ಪ್ರೆಶನ್’ ಎಂಬ ಹುಡುಕುಸೂತ್ರದಿಂದ ಹೆಕ್ಕುವುದು ಹೇಗೆಂದು ಒಬ್ಬನು ಕೇಳಿದನು. ಒಂದರೊಳಗೊಂದು ಹುದುಗಿದ ರಚನೆಯನ್ನು ಅಂತಹ ಸೂತ್ರ ಗ್ರಹಿಸಲಾರದೆಂಬುದು ತತ್ತ್ವತಃ ಸರಿ. ಉತ್ತರಕಾರನು ಅದನ್ನು ಹೇಳತೊಡಗಿ, ಬರಬರುತ್ತ ಉನ್ಮತ್ತನಂತಾಗಿ, ಲೋಕವೇ ಅಳಿಯುತ್ತಿದೆಯೆಂದು ಕೂಗಿ, ಕಡೆಗೆ ಅಕ್ಷರಗಳೇ ಮೇಲೂ ಕೆಳಗೂ ಕೊಂಬು ಬಾಲಗಳನ್ನು ಬೆಳೆಸಿಕೊಂಡು ಪುಟವನ್ನು ಮಸಿಮಾಡುವಂತೆ ಬರೆಯುತ್ತಾನೆ. ಎಲ್ಲ ಮುಗಿದ ಮೇಲೆ, ಇದಕ್ಕೆಂದೇ ಇರುವ ಪದವಿಭಾಜಕವನ್ನು ಬಳಸಿ ನೋಡಿದೆಯಾ ಎಂದು ಒಂದು ಸಾಲು, ಶಾಂತವಾಗಿ. ಹಾಸ್ಯಬರೆಹವಾಗಿ ಇದು ಉತ್ತಮವಾದದ್ದೆಂಬುದರಲ್ಲಿ ಸಂದೇಹವಿಲ್ಲ; ಓದಿ ನಕ್ಕವರಲ್ಲಿ ನಾವೂ ಸೇರಿದ್ದೇವೆ. ಉತ್ತರವಾಗಿ? ಕೇಳಿದವನು ಹುದುಗಿದ ರಚನೆಯನ್ನು ಬಿಡಿಸಿಕೊಡಿರೆಂದು ಕೇಳಿರಲಿಲ್ಲ. ಬಿಡಿ ಗುರುತುಗಳನ್ನು ಮಾತ್ರ ಕೇಳಿದ್ದನು. ಅವನ ಪರಿಮಿತವಾದ ಕೆಲಸಕ್ಕೆ ಸೂತ್ರವೇ ಸಾಲಬಹುದೆಂದು ಇತರರು ಕೆಳಗೆ ಸೌಮ್ಯವಾಗಿ ಸೂಚಿಸಿದರು. ಆ ಉತ್ತರಗಳಿಗೆ ಅಷ್ಟು ಕೀರ್ತಿ ಬರಲಿಲ್ಲ.

ಇಲ್ಲಿ ಮೂರನೆಯ ಶ್ರೋತೃವೊಬ್ಬನು ಕಾಣಿಸಿಕೊಳ್ಳುತ್ತಾನೆ: ಇಂತಹ ಪ್ರಶ್ನೆಗಳಿಂದ ಬೇಸತ್ತ ಸಹೋದ್ಯೋಗಿ. ಅವನ ನಗೆಯನ್ನು ಬಯಸಿದ ಉತ್ತರ ಮೊದಲಿನ ಇಬ್ಬರನ್ನೂ ಮರೆಯುತ್ತದೆ. ಅಂಕಗಳ ಏರ್ಪಾಡೂ ಈ ದೋಷಕ್ಕೆ ಇಂಬುಕೊಟ್ಟಿತೆನ್ನಬೇಕು. ಮೆಚ್ಚಿದ ಪ್ರತಿಯೊಬ್ಬ ಓದುಗನಿಂದಲೂ ಉತ್ತರಕಾರನಿಗೆ 10 ಅಂಕ. ಕೇಳಿದವನು ‘ಇದೇ ನನಗೆ ಒದಗಿತು’ ಎಂದು ಅಂಗೀಕರಿಸಿದರೆ 15. ಎಂದಮೇಲೆ, ಕಷ್ಟದಲ್ಲಿದ್ದವನ ಅಂಗೀಕಾರದ ಬೆಲೆ ಒಂದೂವರೆ ದಾರಿಹೋಕನ ಮೆಚ್ಚುಗೆಯಷ್ಟೆ.

ಆದರೂ ಇದಕ್ಕಿಂತ ಗಂಭೀರವಾದ ತೊಡಕು ಬೇರೊಂದಿದೆ. 0.1ಕ್ಕೆ 0.2 ಕೂಡಿದರೆ ಗಣಕಯಂತ್ರ 0.30000000000000004 ಎನ್ನುತ್ತದೆ, ಯಂತ್ರದ ಗಣಿತ ಕೆಟ್ಟಿದೆಯೇ ಎಂದು 2009ರಲ್ಲಿ ಒಬ್ಬನು ಕೇಳಿದನು. ಮೂರನೆಯ ಒಂದು ಭಾಗವನ್ನು ದಶಮಾನದಲ್ಲಿ ಪೂರ್ತಿಯಾಗಿ ಬರೆಯಲಾಗದಂತೆ ಹತ್ತನೆಯ ಒಂದು ಭಾಗವನ್ನು ದ್ವಿಮಾನದಲ್ಲಿ ಬರೆಯಲಾಗದು. ಯಂತ್ರ ಕೆಟ್ಟಿಲ್ಲ, ಬರವಣಿಗೆಗೆ ಎಡೆ ಸಾಲದು. ಒಳ್ಳೆಯ ಉತ್ತರವು ಪ್ರಶ್ನೆಯೊಳಗಿನ ಆಪಾದನೆಯನ್ನು ಹೀಗೆ ತಿದ್ದುತ್ತದೆ. ಆಮೇಲೆ ಬಂದ ಇಂತಹ ಪ್ರಶ್ನೆಗಳನ್ನೆಲ್ಲ ‘ಪುನರುಕ್ತಿ’ಯೆಂದು ಮುಚ್ಚಿ ಈ ಮೂಲಪ್ರಶ್ನೆಯ ಕಡೆಗೆ ಕೈತೋರಿಸುವುದು ವಾಡಿಕೆಯಾಯಿತು. ಭಂಡಾರದ ದೃಷ್ಟಿಯಿಂದ ಇದು ಯುಕ್ತವೇ. ನೂರು ಕಡೆ ನೂರು ಅರೆ ಉತ್ತರಗಳಿಗಿಂತ ಒಂದೆಡೆ ಒಂದು ಪೂರ್ಣ ಉತ್ತರ ಲೇಸು.

ಕಲಿಯುವವನ ಕಡೆಯಿಂದ ನೋಡೋಣ. ವಿದ್ಯಾರ್ಥಿಯೊಬ್ಬನು ಪಿಎಚ್‌ಪಿ ಭಾಷೆಯಲ್ಲಿ 0.1ಕ್ಕೆ 0.7 ಕೂಡಿ, ಹತ್ತರಿಂದ ಗುಣಿಸಿ, ಪೂರ್ಣಾಂಕವನ್ನು ಮಾತ್ರ ತೆಗೆದುಕೊಂಡರೆ 8 ಬರಬೇಕಾದಲ್ಲಿ 7 ಬರುತ್ತದೆ. ತನ್ನ ಗುಣಾಕಾರವೋ ಪೂರ್ಣಾಂಕ ತೆಗೆಯುವ ರೀತಿಯೋ ತಪ್ಪಿರಬೇಕೆಂದು ಅವನು ಭಾವಿಸಿ ಹಾಗೆಯೇ ಕೇಳುತ್ತಾನೆ. ಬಲ್ಲವನ ಕಣ್ಣಿಗೆ ಇದು ಹಳೆಯ ಪ್ರಶ್ನೆ. ಆದರೆ ಹಳೆಯ ಪ್ರಶ್ನೆಯಲ್ಲಿ ಗುಣಾಕಾರವೂ ಇಲ್ಲ, 7 ಇಲ್ಲ, 8 ಇಲ್ಲ; ಭಾಷೆಯೂ ಬೇರೆ. ಇವೆರಡೂ ಒಂದೇ ಪ್ರಶ್ನೆಯೆಂದು ತಿಳಿಯಬೇಕಾದರೆ ಉತ್ತರವನ್ನು ಮೊದಲೇ ತಿಳಿದಿರಬೇಕು. ಪುನರುಕ್ತಿಯೆಂಬ ಮುದ್ರೆಯು ವಿದ್ಯಾರ್ಥಿಯಲ್ಲಿ ಇಲ್ಲದ ಆ ಜ್ಞಾನವನ್ನೇ ಅವನಲ್ಲಿ ಇದೆಯೆಂದು ಭಾವಿಸಿ, ಇಲ್ಲದ್ದನ್ನು ಅಪರಾಧವಾಗಿ ಎಣಿಸುತ್ತದೆ. ‘ನಿನ್ನ ಮೊತ್ತ ಹತ್ತರಿಂದ ಗುಣಿಸಿದ ಮೇಲೂ 8 ಆಗಿಲ್ಲ, 8ಕ್ಕೆ ಕೂದಲೆಳೆಯಷ್ಟು ಕಡಿಮೆ, ಏಕೆಂಬುದನ್ನು ಅಲ್ಲಿ ಓದು’ ಎಂದು ಒಂದು ಸಾಲು ಬರೆದು ಮುಚ್ಚಿದವರೂ ಉಂಟು. ಆ ಒಂದು ಸಾಲೇ ಉತ್ತರ. ಬರಿಯ ಮುದ್ರೆ ಉತ್ತರವಲ್ಲ.

ವಂದನೆ, ಕೃತಜ್ಞತೆಗಳನ್ನು ಪ್ರಶ್ನೆಯಿಂದ ಕತ್ತರಿಸಿಹಾಕುವ ಪದ್ಧತಿಯನ್ನೂ ಇಲ್ಲಿಯೇ ಹೇಳಬಹುದು. ಮುಂದಿನ ಓದುಗನಿಗೆ ಅವು ಹೊಟ್ಟು, ನಿಜ. ಆದರೆ ಗುರುವಿನ ಮುಂದೆ ಕೈಮುಗಿದು ಮಾತೆತ್ತುವ ಅಭ್ಯಾಸದಲ್ಲಿ ಬೆಳೆದ ಹುಡುಗನಿಗೆ, ತನ್ನ ನಮಸ್ಕಾರವನ್ನು ಯಾರೋ ಅಳಿಸಿದ್ದು ಬರಿಯ ಸಂಪಾದನಕಾರ್ಯವೆಂದು ತೋರೀತೆ? 2018ರಲ್ಲಿ ಆ ಸಂಸ್ಥೆಯೇ ತನ್ನ ಸ್ಥಳ ಹೊಸಬರಿಗೆ ಆದರದ ಸ್ಥಳವಾಗಿಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡಿತು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಮೇಲೆ ಆ ಹೊಸಬರು ಯಂತ್ರವನ್ನೇ ಕೇಳತೊಡಗಿದರು. ಭಂಡಾರಕ್ಕೆ ಬರುವ ಪ್ರಶ್ನೆಗಳು ಬಹಳ ಕುಸಿದವು. ಯಂತ್ರ ಬರೆದ ಉತ್ತರಗಳನ್ನು ಭಂಡಾರವು ಮರುತಿಂಗಳೇ ನಿಷೇಧಿಸಿತು. ನೋಡಲು ಸರಿಯಾಗಿದ್ದು ಒಳಗೆ ತಪ್ಪಾಗಿರುವ ಬರೆಹ ಹೆಚ್ಚುತ್ತದೆಂಬುದು ಕಾರಣ. ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 517 ಪ್ರಶ್ನೆಗಳಿಗೆ ಆಗಿನ ಯಂತ್ರ ಕೊಟ್ಟ ಉತ್ತರಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ನೂರಕ್ಕೆ 52ರಲ್ಲಿ ತಪ್ಪು ಮಾಹಿತಿಯಿತ್ತು. ಹಾಗಿದ್ದೂ ಪರೀಕ್ಷೆಯಲ್ಲಿ ಭಾಗವಹಿಸಿದವರು ಎಷ್ಟೋ ಸಲ ಅವನ್ನೇ ಮೆಚ್ಚಿದರು. ಅವು ವಿಸ್ತಾರವಾಗಿಯೂ ನಯವಾಗಿಯೂ ಇದ್ದವು. ಆ ಯಂತ್ರಗಳು ಅಂದಿನಿಂದ ಮುಂದುವರಿದಿವೆ. ಅಂಕಿಯನ್ನು ಇಂದಿಗೆ ಹೇಳಲಾಗದು. ನಯದ ಮಾತು ಮಾತ್ರ ಇಂದಿಗೂ ವಿಚಾರಾರ್ಹ. ನಮ್ಮ ವಿದ್ಯಾರ್ಥಿ ತನ್ನ 7ನ್ನೂ 8ನ್ನೂ ಹಿಡಿದು ಯಂತ್ರದ ಬಳಿ ಹೋದರೆ ಅದು ಪುನರುಕ್ತಿಯೆನ್ನುವುದಿಲ್ಲ. ಹತ್ತನೆಯ ಸಲ ಕೇಳಿದರೂ ತಾಳ್ಮೆಯಿಂದ ಹೇಳುತ್ತದೆ. ಮನುಷ್ಯರು ಮೊದಲ ಶ್ರೋತೃವಿಗೆ ಮಾಡಿದ ಉಪೇಕ್ಷೆಯನ್ನು ಯಂತ್ರ ತುಂಬಿಕೊಟ್ಟಿತೆಂದು ಒಪ್ಪಲೇಬೇಕು.

ಆದರೆ ಆ ಉತ್ತರಕ್ಕೆ ಎರಡನೆಯ ಶ್ರೋತೃವಿಲ್ಲ. ಅದು ಒಬ್ಬನ ಕೋಣೆಯಲ್ಲಿ ಹುಟ್ಟಿ ಅಲ್ಲಿಯೇ ಉಳಿಯುತ್ತದೆ. ರೈಲಿನ ದೃಷ್ಟಾಂತದ ಕೆಳಗೆ ಕಂಪೈಲರಿನ ಟಿಪ್ಪಣಿ ಸೇರಿದಂತೆ ಇದರ ಕೆಳಗೆ ಯಾರೂ ಬಂದು ಏನನ್ನೂ ಸೇರಿಸಲಾರರು; ತಪ್ಪಿದ್ದರೆ ತಪ್ಪೆಂದು ಹೇಳುವ ದಾರಿಹೋಕನೂ ಇಲ್ಲ. ಯಂತ್ರವು ಕಲಿತ ಪಾಠಗಳಲ್ಲಿ ಇಂತಹ ಬಹಿರಂಗ ಉತ್ತರಗಳೂ ಸೇರಿವೆಯೆಂಬುದು ಈ ಸಂದರ್ಭದಲ್ಲಿ ಮುಖ್ಯ. 2024ರ ಮೇ ತಿಂಗಳಲ್ಲಿ ಸಂಸ್ಥೆಯು ಓಪನ್‌ಎಐಯೊಡನೆ ಒಪ್ಪಂದ ಮಾಡಿಕೊಂಡಾಗ ಕೆಲವು ಉತ್ತರಕಾರರು ಪ್ರತಿಭಟಿಸಿ ತಾವು ಬರೆದದ್ದನ್ನು ಅಳಿಸಹೊರಟರು. ಅಳಿಸಿದ್ದನ್ನು ಸಂಸ್ಥೆಯವರು ಮರಳಿ ಸೇರಿಸಿದರು. ಬರೆಹವನ್ನು ಎಲ್ಲರೂ ಬಳಸಬಹುದೆಂಬ ಅನುಮತಿಪತ್ರದಡಿಯಲ್ಲಿಯೇ ಅವರು ಬರೆದಿದ್ದರಾಗಿ, ಕಾನೂನಿನ ಮಾತು ಸಂಸ್ಥೆಯ ಕಡೆಗಿತ್ತು. ಉಪಕಾರವೆಂದು ಬರೆದವನ ಮನಸ್ಸಿನ ಲೆಕ್ಕ ಅನುಮತಿಪತ್ರದಲ್ಲಿ ಇರುವಂತಹುದಲ್ಲ.

ಪ್ರತಿಯೊಂದು ಉತ್ತರದ ಪಾಠಾಂತರಗಳೂ ದಿನಾಂಕಸಹಿತವಾಗಿ ಈ ಭಂಡಾರದಲ್ಲಿ ಲಭ್ಯವಿರುವುದರಿಂದ, ಗ್ರಂಥಸಂಪಾದನೆಯಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಒಂದೇ ಉತ್ತರವನ್ನು ಹಿಡಿದು ಮೊದಲ ಪಾಠಕ್ಕೂ ಇಂದಿನ ಪಾಠಕ್ಕೂ ನಡುವೆ ಯಾರು ಏನನ್ನು ಸೇರಿಸಿದರು, ಏನನ್ನು ತೆಗೆದರೆಂದು ಹೋಲಿಸಿ ನೋಡಬಹುದು. 0.1, 0.2ರ ಪ್ರಶ್ನೆಯಿಂದ ಆರಂಭಿಸುವುದು ಅನುಕೂಲ. ಅದನ್ನು ಓದಲು ಗಣಕಶಾಸ್ತ್ರದ ಪೂರ್ವಪರಿಚಯ ಅಷ್ಟಾಗಿ ಬೇಕಿಲ್ಲ.