ಐದು ಮನೆ, ಒಂದು ಗದ್ದುಗೆ

ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆಯ ‘ಕ್ರುಸೇಡರ್ ಕಿಂಗ್ಸ್ 2’ ಕಂಪ್ಯೂಟರ್ ಆಟದಲ್ಲಿ ಮೊದಲು ರಾಜರು, ಸಾಮಂತರದ್ದೇ ದರ್ಬಾರು. 2013ರ ‘ದಿ ರಿಪಬ್ಲಿಕ್’ ವಿಸ್ತರಣೆ ವರ್ತಕರ ಕೈಗೂ ಚುಕ್ಕಾಣಿ ಕೊಟ್ಟಿತು.

ವೆನಿಸ್ ಆರಿಸಿಕೊಂಡರೆ ಕಣದಲ್ಲಿ ಐದು ಮನೆತನಗಳು, ಆಟಗಾರನದು ಅದರಲ್ಲೊಂದು. ಕರಾವಳಿಯುದ್ದಕ್ಕೂ ವ್ಯಾಪಾರದ ಕೋಠಿ ಕಟ್ಟಬೇಕು. ಮನೆಯಲ್ಲಿ ಪ್ರಾಯಕ್ಕೆ ಬಂದ ಗಂಡಸರು ಹೆಚ್ಚಿದಷ್ಟೂ ಕೋಠಿಗಳ ಮಿತಿ ಹಿಗ್ಗುತ್ತದೆ. ಹಾಗಾಗಿ ಇಲ್ಲಿ ಮಗನ ಮದುವೆಯೂ ಜಮಾಖರ್ಚಿನ ಬಾಬತ್ತೇ!

ಸೊಗಸಿರುವುದು ಚುನಾವಣೆಯಲ್ಲಿ. ಗಣರಾಜ್ಯದ ಚುನಾಯಿತ ಮುಖ್ಯಸ್ಥನಾದ ದೋಜ್ ಸತ್ತೊಡನೆ ವಯಸ್ಸು, ಪ್ರತಿಷ್ಠೆ, ಪ್ರಚಾರಕ್ಕೆ ಸುರಿದ ಹಣ ಎಲ್ಲವೂ ತಕ್ಕಡಿಗೆ ಬೀಳುತ್ತವೆ. ಗಣರಾಜ್ಯವನ್ನು ಬೆಳೆಸಿದ ಮನೆತನವೇ ಸೋತು, ಗದ್ದುಗೆ ಎದುರಾಳಿಗಳ ಪಾಲಾಗಬಹುದು.

ನಿಜವಾದ ವೆನಿಸ್‌ನ ಚುನಾವಣೆ ಇನ್ನೂ ಜಟಿಲವಾಗಿತ್ತು. 1268ರ ನಿಯಮದಂತೆ ಹುಡುಗನೊಬ್ಬ ಲಾಟರಿಯಂತೆ ಗುಂಡುಗಳನ್ನು ಎತ್ತಿಕೊಡುತ್ತಿದ್ದ. ಅದೃಷ್ಟ, ಮತ, ಮತ್ತೆ ಅದೃಷ್ಟ ಎಂಬ ಸುತ್ತುಗಳನ್ನು ದಾಟಿದ 41 ಮಂದಿ ಕೊನೆಗೆ ದೋಜ್‌ನನ್ನು ಆರಿಸುತ್ತಿದ್ದರು.